ಡಿಫ್ ಎಣ್ಣೆಯನ್ನು ಕಿಲೋ ಲೆಕ್ಕದಲ್ಲಿ ತಂದೆ

ರಿಮೋಟ್‌ನಲ್ಲಿ ಓಡಿಸುವ ಪುಟ್ಟ ಬಗ್ಗಿ ಗಾಡಿಗಳ ಜನವರಿ ರೇಸ್‌ಗೆ ಇನ್ನೂ ಹತ್ತು ವಾರ ಇತ್ತು. ಈ ಗಾಡಿಯ ಡಿಫ್ ಅಂದರೆ ಡಿಫರೆನ್ಷಿಯಲ್, ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಡಬ್ಬಿ. ಒಳಗಿನ ಎಣ್ಣೆ ದಪ್ಪ ಆದಷ್ಟೂ ಅದು ಬಿಗಿ. ಭೋಸರಿಯಿಂದ ಮೂರು ಕ್ಯಾನ್ ಸಿಲಿಕೋನ್ ಎಣ್ಣೆ ತಂದು ಬಾಲ್ಕನಿಯಲ್ಲಿ ಇಟ್ಟೆ. ಒಂದೊಂದರಲ್ಲೂ ಒಂದು ಕಿಲೋ. 350, 1000, 12,500 ಸೆಂಟಿಸ್ಟೋಕ್. ಅದು ಎಣ್ಣೆಯ ದಪ್ಪದ ಅಳತೆ, ಅಂಕಿ ದೊಡ್ಡದಾದಷ್ಟೂ ಎಣ್ಣೆ ದಪ್ಪ. ಫೋಟೋ ನೋಡಿದ ಕೂಡಲೇ ವಿಜಯಪುರದ ಗೆಳೆಯ ಫೋನ್ ಮಾಡಿದ. ಅವನೂ ನನ್ನ ಹಾಗೇ ಪುಣೆಗೆ ಬಂದು ಹತ್ತು ವರ್ಷ ಆಯಿತು, ಮಾತು ಮಾತ್ರ ಊರಿಂದೇ. "ಅಣ್ಣಾ, ಇದು ಗಾಡಿಗೆ ಹಾಕೋ ಎಣ್ಣಿನೋ ಭಜಿ ಕರಿಯೋ ಎಣ್ಣಿನೋ? ಸೀಲ್ ಎಲ್ಲಾ ಉಬ್ಬಿ ಹೊರಗ ಬರ್ತಾವ ನೋಡ" ಅಂದ.

ಅವನು ಹಾಗೆ ಹೇಳಲು ಕಾರಣ ಇತ್ತು. ಹಿಂದೊಮ್ಮೆ ನಾನು ಬೈಕಿನ ಫೋರ್ಕ್ ಎಣ್ಣೆಯನ್ನು ಗಾಡಿಯ ಶಾಕ್ ಅಬ್ಸಾರ್ಬರ್‌ಗೆ ಹಾಕಿ ಮರ್ಯಾದೆ ಕಳೆದುಕೊಂಡಿದ್ದೆ. ಮೊದಲ ಎರಡು ಭಾನುವಾರ ಚೆನ್ನಾಗಿಯೇ ಓಡಿತು. ಮೂರನೇ ಭಾನುವಾರ ನೋಡಿದರೆ ಎಣ್ಣೆ ಸೋರದಂತೆ ತಡೆಯುವ ಓ-ರಿಂಗ್‌ಗಳು ಉಬ್ಬಿ, ಶಾಫ್ಟ್ ಒಳಗೂ ಹೋಗದೆ ಹೊರಗೂ ಬಾರದೆ ಸಿಕ್ಕಿಕೊಂಡಿತ್ತು. ಸಿಲಿಕೋನ್ ರಬ್ಬರ್‌ಗೆ ಪೆಟ್ರೋಲಿಯಂ ಎಣ್ಣೆ ಆಗಿಬರುವುದಿಲ್ಲ. ನಾಲ್ಕು ಶಾಕ್‌ಗಳ ರಿಪೇರಿ ಕಿಟ್‌ಗೆ ಸಾವಿರದ ಆರುನೂರೋ ಏಳುನೂರೋ ಹೋಯಿತು. ಆ ಕಥೆಯನ್ನು ಗುಂಪಿನಲ್ಲಿ ಇವತ್ತಿಗೂ ಯಾರೂ ಮರೆತಿಲ್ಲ.

ಈ ಸಲ ತಂದದ್ದು ಬೇರೆ. ನಾವು ಚಿಕ್ಕ ಬಾಟಲಿಯಲ್ಲಿ ಕೊಳ್ಳುವ ಡಿಫ್ ಎಣ್ಣೆಯೂ ಸಿಲಿಕೋನೇ, ಇದೂ ಸಿಲಿಕೋನೇ. ಅಚ್ಚಿನಿಂದ ರಬ್ಬರ್, ಪ್ಲಾಸ್ಟಿಕ್ ಮಾಲು ಬಿಡಿಸಲು ಭೋಸರಿಯ ಶೆಡ್‌ಗಳಲ್ಲಿ ದಿನಾ ಬಳಸುತ್ತಾರೆ. ಮೊದಲು ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಒಂದು ಶನಿವಾರ ಪೂರ್ತಿ ಅಲೆದೆ. ಸಿಲಿಕೋನ್ ಅಂದರೆ ಎಲ್ಲರೂ ಬಾತ್‌ರೂಮ್ ಸಂದಿಗೆ ಹಚ್ಚುವ ಟ್ಯೂಬ್ ತೋರಿಸಿದರು. ಭೋಸರಿಯಲ್ಲಿ ಸಿಕ್ಕ ವ್ಯಾಪಾರಿಯ ವಿಳಾಸ ಮಾತ್ರ ಕೇಳಬೇಡಿ. ಕಿಲೋಗಿಂತ ಕಡಿಮೆ ಕೊಡಲ್ಲ ಅಂದವನನ್ನು ಅರ್ಧ ಗಂಟೆ ಕಾಡಿದೆ. ಕಡಿಮೆ ಕೊಡಲೇ ಇಲ್ಲ. ಮೂರಕ್ಕೂ ಸೇರಿ ಎರಡೂವರೆ ಸಾವಿರದ ಮೇಲೆ ಚಿಲ್ಲರೆ ಕೊಟ್ಟ ನೆನಪು.

ಲೆಕ್ಕ ನೋಡಿ. 60 ಮಿಲಿ ಬಾಟಲಿ ನನಗೆ ಏಳುನೂರು, ಎಂಟುನೂರಕ್ಕೆ ಬೀಳುತ್ತಿತ್ತು. ಒಂದು ಡಿಫ್‌ಗೆ ಹತ್ತು ಮಿಲಿ ಹತ್ತಿರ ಬೇಕು. ಅಂಥ ಮೂರು ಡಿಫ್, ಮುಂದೊಂದು, ಹಿಂದೊಂದು, ನಡುವೆ ಸೆಂಟರ್ ಒಂದು. ಮೇಲೆ ನಾಲ್ಕು ಶಾಕ್. ಹಿಂದಿನ ವರ್ಷ ಎಣ್ಣೆಗೇ ಎಂಟು ಒಂಬತ್ತು ಸಾವಿರ ಹಾಕಿದ್ದೆ. ಅಷ್ಟಾದರೂ ನಿಜವಾಗಿ ಬೇಕಾದಾಗ ಡಿಫ್ ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ನೂರಿಪ್ಪತ್ತು, ನೂರಮೂವತ್ತು ರೂಪಾಯಿ ನೆಲಕ್ಕೆ ಸುರಿದ ಹಾಗೆ ಅನ್ನಿಸುತ್ತಿತ್ತು. ಮೋಶಿ ಕಡೆ ನಾವು ಓಡಿಸುವ ಜಾಗ ಗರಸು ಮಣ್ಣಿನದು, ಇಲ್ಲಿಯವರು ಮುರೂಮ್ ಅನ್ನುತ್ತಾರೆ. ಬೆಳಗ್ಗೆ ನೀರು ಹೊಡೆದಾಗ ಹಿಡಿತ ಚೆನ್ನಾಗಿರುತ್ತದೆ. ಹನ್ನೆರಡಕ್ಕೆ ಮೇಲೆಲ್ಲ ಸಡಿಲ ಪುಡಿ, ಬಗ್ಗಿ ಗಾಡಿ ಮಜ್ಜಿಗೆ ಕಡೆದ ಹಾಗೆ ಹಿಂದೆ ಮುಂದೆ ಆಡುತ್ತದೆ. ನಾಲ್ಕಕ್ಕೆ ಸಾಲು ಬಿದ್ದು ನುಣ್ಣಗಾಗಿರುತ್ತದೆ. ಮೂರು ಹೊತ್ತಿಗೆ ಮೂರು ಜಾಗ. ನಾನು ಮಾತ್ರ ಇಡೀ ದಿನ ಒಂದೇ ಎಣ್ಣೆಯಲ್ಲಿ ಓಡಿಸಿ, ತಪ್ಪನ್ನು ಟೈರ್ ಮೇಲೆ ಹಾಕಿ ಮನೆಗೆ ಬರುತ್ತಿದ್ದೆ.

ಮಿಶ್ರಣದಲ್ಲಿ ಮೊದಲ ಸಲವೇ ಎಡವಿದೆ. 1000 ಮತ್ತು 12,500 ಸಮಸಮ ಹಾಕಿದರೆ ನಡುವಿನದು ಬರುತ್ತೆ, ಅಂದರೆ ಆರೂಮುಕ್ಕಾಲು ಸಾವಿರ, ಮುಂದಿನ ಡಿಫ್‌ಗೆ ಸರಿ ಅಂತ ಲೆಕ್ಕ ಹಾಕಿದೆ. ಹಾಕಿ ಓಡಿಸಿದರೆ ಗಾಡಿ ನೀರು ನೀರು. ತಿರುವಿನಲ್ಲಿ ಥ್ರಾಟಲ್ ಕೊಟ್ಟರೆ ಒಳಗಿನ ಚಕ್ರ ಸುಮ್ನೆ ತಿರುಗುತ್ತದೆ, ಮೂಗು ಎಳೆಯುವುದೇ ಇಲ್ಲ. ಗೆಳೆಯ ಪಕ್ಕದಲ್ಲೇ ನಿಂತು ನಗುತ್ತಿದ್ದ.

ಅಳೆಯದೆ ಗತಿ ಇಲ್ಲ ಅಂತ ಆಯಿತು. ಒಂದು ಗಾಜಿನ ಟ್ಯೂಬ್, ಅದಕ್ಕೆ ಎರಡು ಗೆರೆ, ನಡುವೆ 15 ಸೆಂ.ಮೀ. ಹಳೆ ಬೇರಿಂಗ್ ಒಡೆದು ತೆಗೆದ 3 ಮಿ.ಮೀ. ಉಕ್ಕಿನ ಗುಂಡು. ಮೊಬೈಲ್‌ನ ಸ್ಟಾಪ್‌ವಾಚ್. ಗುಂಡು ಬಿಟ್ಟು ಗೆರೆಯಿಂದ ಗೆರೆಗೆ ಎಷ್ಟು ಸೆಕೆಂಡ್ ಅಂತ ಎಣಿಸುವುದು. ತಳ ಸೇರಿದ ಗುಂಡನ್ನು ಹೊರಗಿನಿಂದ ಅಯಸ್ಕಾಂತ ಹಿಡಿದು ಮೇಲಕ್ಕೆ ಎಳೆಯಬೇಕು, ಕೈಗೆ ಎಣ್ಣೆ ಹತ್ತಲ್ಲ. ದಪ್ಪ ಎಣ್ಣೆಯಲ್ಲಿ ಆ ಗುಂಡು ಇಳಿಯುವುದನ್ನು ನೋಡುವುದೇ ಒಂದು ಚೆಂದ. ಅವಸರವೇ ಇಲ್ಲ ಅದಕ್ಕೆ. 12,500ರಲ್ಲಿ ಎಂಬತ್ತು ಸೆಕೆಂಡ್ ಹತ್ತಿರ. 1000ದಲ್ಲಿ ಆರು. ನನ್ನ ಸಮಸಮ ಮಿಶ್ರಣ ಇಪ್ಪತ್ತೆರಡಕ್ಕೇ ಇಳಿದುಬಿಟ್ಟಿತು. ಬಾಟಲಿಯಲ್ಲಿ ಉಳಿದಿದ್ದ ಅಸಲಿ 7000ದಲ್ಲಿ ನಲವತ್ನಾಲ್ಕು. ಅಂದರೆ ನಾನು ಆರೂಮುಕ್ಕಾಲು ಸಾವಿರ ಅಂದುಕೊಂಡದ್ದು ಮೂರೂವರೆ ಸಾವಿರ.

ಶಾಲೆಯಲ್ಲಿ ಕಲಿತ ಲಾಗ್ ಟೇಬಲ್ ಇಲ್ಲಿ ಉಪಯೋಗಕ್ಕೆ ಬಂತು. ಎರಡೂ ಎಣ್ಣೆಯ ಲಾಗ್ ತೆಗೆದು, ಪಾಲಿನ ಪ್ರಕಾರ ಕೂಡಿದರೆ ಉತ್ತರ ಸರಿ ಬರುತ್ತದೆ. 7000 ಬೇಕಾದರೆ ದಪ್ಪದ್ದು ನೂರಕ್ಕೆ ಎಪ್ಪತ್ತೇಳು ಪಾಲು, ತೆಳ್ಳಗಿನದು ಇಪ್ಪತ್ತಮೂರು. 10,000ಕ್ಕೆ ತೊಂಬತ್ತೊಂದು, ಒಂಬತ್ತು. ಶಾಕ್‌ಗೆ 350ರ ಮುಕ್ಕಾಲು ಪಾಲಿಗೆ 1000ದ ಕಾಲು ಪಾಲು ಸೇರಿಸಿದರೆ 35 ವೇಟ್‌ಗಿಂತ ಒಂಚೂರು ಮೇಲೆ ಬರುತ್ತದೆ. ವೇಟ್ ಅಂದರೆ ಶಾಕ್ ಎಣ್ಣೆಯ ದಪ್ಪಕ್ಕೆ ಬಾಟಲಿ ಮೇಲೆ ಬರೆಯುವ ಅಂಕಿ. ಚಿನ್ನ ತೂಗುವ ಪುಟ್ಟ ತಕ್ಕಡಿ ಐನೂರರೊಳಗೆ ಸಿಗುತ್ತದೆ. ಮಿಲಿ ಲೆಕ್ಕ ಬಿಡಿ, ತೂಕದಲ್ಲೇ ಮಾಡಿ. ಸಿರಿಂಜ್‌ನ ಗೋಡೆಗೆ ಅಂಟಿದ್ದು ಎಷ್ಟು ಅಂತ ಯಾರಿಗೆ ಗೊತ್ತು?

ಗುಂಡು ಬಿಡುವ ಪ್ರಯೋಗವನ್ನು ಕಂಪನಿಯಲ್ಲಿ ಒಳ್ಳೆ ಟ್ಯೂಬ್ ಇದೆ ಅಂತ ಒಂದು ದಿನ ಅಲ್ಲಿಗೇ ಒಯ್ದಿದ್ದೆ. ನಾನಿರುವುದು ಚಾಕಣ್ ಕಡೆಯ ಬಿಡಿಭಾಗದ ಕಾರ್ಖಾನೆ. ಕ್ಯಾಂಟೀನ್ ಬಳಿ ಬಾಟಲಿ ನೋಡಿದ ಪೇಂಟ್ ಶಾಪ್ ಸಾಹೇಬರು ಬೆಳ್ಳಗಾದರು. "ಹೇ ಕಾಯ್ ಆಹೇ?" ಅಂದವರು, ಸಿಲಿಕೋನ್ ಅಂದ ಕೂಡಲೇ ನನ್ನನ್ನು ಗೇಟಿನವರೆಗೆ ತಾವೇ ಬಿಟ್ಟು ಬಂದರು. ಸಿಲಿಕೋನ್ ಒಂದು ಹನಿ ಎಲ್ಲಿಂದಾದರೂ ಪೇಂಟ್ ಬೂತ್ ಸೇರಿದರೆ ಬಣ್ಣ ಅಲ್ಲಲ್ಲಿ ಬಿಟ್ಟುಕೊಂಡು ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತದೆ. ಒಂದು ಶಿಫ್ಟಿನ ಮಾಲು ಹಾಳು. ಇಷ್ಟು ವರ್ಷ ಅಲ್ಲೇ ಕೆಲಸ ಮಾಡಿದ ನನಗೆ ಅದು ಹೊಳೆಯಬೇಕಿತ್ತು. ಬಣ್ಣ ಹಿಡಿಯದ ಕಡೆ ಗಮ್ ಹೇಗೆ ಹಿಡಿಯುತ್ತದೆ ಅನ್ನುವುದಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಎಣ್ಣೆ ಬೆರೆಸಿದ ಟೇಬಲ್ ಮೇಲೇ ಟೈರ್ ಅಂಟಿಸಿದೆ. ರಿಮ್ಮನ್ನು ಐಪಿಎ ಅನ್ನುವ ಆಲ್ಕೋಹಾಲ್‌ನಲ್ಲಿ ಒರೆಸಿದೆ, ಒಣಗಿಸಿದೆ, ಸೂಪರ್ ಗ್ಲೂ ಹಾಕಿದೆ, ರಬ್ಬರ್ ಬ್ಯಾಂಡ್ ಹಾಕಿ ರಾತ್ರಿ ಇಟ್ಟೆ. ಮರುದಿನ ಪ್ರಾಕ್ಟೀಸ್‌ನಲ್ಲಿ ಎರಡನೇ ಜಂಪ್ ಇಳಿದ ಮೇಲೆ ಹಿಂದಿನ ಬಲಗಡೆ ಟೈರ್ ತಾನೇ ಒಂದು ಕಡೆ, ರಿಮ್ ತಾನೇ ಒಂದು ಕಡೆ ಹೋದವು. ಇನ್ನೊಂದು ಜೋಡಿಯೂ ಹಾಗೇ ಆಯಿತು. ಹೊಸ ಟೈರ್ ನಾಲ್ಕು, ಮೂರು ಸಾವಿರದ ಮಾಲು. ಐಪಿಎ ಸಿಲಿಕೋನನ್ನು ತೆಗೆಯುವುದಿಲ್ಲ, ಸುಮ್ನೆ ಹರಡುತ್ತದೆ. ವೈಟ್ ಪೆಟ್ರೋಲ್‌ನಲ್ಲಿ ಎರಡು ಸಲ ಒರೆಸಿ, ಪಾತ್ರೆ ಸೋಪಿನಲ್ಲಿ ತೊಳೆದ ಮೇಲೆ ಗಮ್ ಹಿಡಿಯಿತು. ಈಗ ಎಣ್ಣೆ ಕೆಲಸ ಬಾಲ್ಕನಿಯಲ್ಲಿ, ಟೈರ್ ಕೆಲಸ ಹಾಲ್‌ನಲ್ಲಿ. ಎರಡರ ನಡುವೆ ಕೈ ತೊಳೆಯುವುದು, ಅಂಗಿ ಬದಲಿಸುವುದು. ಮಡಿ ಅಂತ ಮನೆಯವಳು ಹಂಗಿಸುತ್ತಾಳೆ. ಅವಳಿಗೂ ಸಿಟ್ಟು ಬರಲು ಕಾರಣ ಇದೆ. ಬಾಲ್ಕನಿ ಟೈಲ್ಸ್ ಮೇಲೆ ಬಿದ್ದ ಹನಿಯ ಮೇಲೆ ಕಾಲಿಟ್ಟು ಜಾರಿದ್ದಳು. "ಆಟಿಕಿ ಗಾಡಿ ಸಲುವಾಗಿ ನನ್ನ ಸೊಂಟ ಮುರೀಬ್ಯಾಡ್ರಿ" ಅಂತ ಎರಡು ದಿನ ಮಾತಿಲ್ಲ.

ಗುಳ್ಳೆಗಳದ್ದು ಇನ್ನೊಂದು ಕಾಟ. ಕಲಸಿದಾಗ ಗಾಳಿ ಸೇರಿ ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಹಾಗೇ ಡಿಫ್‌ಗೆ ತುಂಬಿದರೆ ಎರಡು ಲ್ಯಾಪ್‌ಗೆ ಒಂದು ಗುಣ. ಬಾಟಲಿಯನ್ನು ಬಿಸಿನೀರಿನ ಬಕೆಟ್‌ನಲ್ಲಿ ನಿಲ್ಲಿಸಿದರೆ ಎಣ್ಣೆ ತೆಳ್ಳಗಾಗಿ ಗುಳ್ಳೆ ಮೇಲೆ ಬರುತ್ತವೆ. ಆದರೂ ಒಂದು ರಾತ್ರಿ ಬಿಡಲೇಬೇಕು. ಚಮಚದಲ್ಲಿ ಬೀಸಬೇಡಿ, ಬಾಟಲಿ ಮಲಗಿಸಿ ನಿಧಾನ ಉರುಳಿಸಿ. ಡಿಫ್‌ನಲ್ಲಿ ಅಡ್ಡ ಪಿನ್ ಮುಳುಗುವಷ್ಟು ಸಾಕು. ತುಂಬಿ ತುಳುಕಿಸಿದರೆ ಗ್ಯಾಸ್ಕೆಟ್ ಹಾದಿ ಮಾಡಿಕೊಡುತ್ತದೆ. ನಾನು ಕಪ್ಪನ್ನು ತಕ್ಕಡಿ ಮೇಲಿಟ್ಟು ಪ್ರತಿ ಸಲ ಅದೇ ಗ್ರಾಂ ಹಾಕುತ್ತೇನೆ. ಇಲ್ಲದಿದ್ದರೆ ಎಣ್ಣೆ ಬದಲಾದದ್ದೋ, ಅಳತೆ ಬದಲಾದದ್ದೋ ತಿಳಿಯಲ್ಲ.

ಇಷ್ಟಾದ ಮೇಲೆ ಆಟ ಶುರುವಾಯಿತು. ನಾಲ್ಕು ಭಾನುವಾರದಲ್ಲಿ ಹನ್ನೊಂದು ಜೋಡಣೆ ನೋಡಿದೆ. ಹನ್ನೆರಡೂ ಇರಬಹುದು, ಒಂದು ಚೀಟಿ ಗಾಳಿಗೆ ಹೋಯಿತು. ಹಿಂದಿನ ಡಿಫ್‌ಗೆ 10,000 ಹಾಕಿದರೆ ಪುಡಿ ಮಣ್ಣಿನಲ್ಲಿ ಬಾಲ ಬಿಟ್ಟುಕೊಂಡಿತು, ಪ್ರತಿ ತಿರುವಿಗೂ ಗಾಡಿ ಹಿಂದುಮುಂದು. ಮೂರೂವರೆ ಸಾವಿರಕ್ಕೆ ಇಳಿಸಿದ ಮೇಲೆ ಹಸುವಿನ ಹಾಗೆ ಸಾಧು. ಹಾಳು ಅಂದುಕೊಂಡು ಪಕ್ಕಕ್ಕಿಟ್ಟಿದ್ದ ಆ ಮೊದಲ ಸಮಸಮ ಮಿಶ್ರಣವೇ ಇದಕ್ಕೆ ಸರಿಹೋಯಿತು! ಸೆಂಟರ್ ತೆಳ್ಳಗಾದರೆ ಜಂಪ್ ಮುಂಚೆ ಥ್ರಾಟಲ್ ಒತ್ತಿದಾಗ ಮುಂದಿನ ಟೈರ್ ಗಾಳಿಯಲ್ಲಿ ತಿರುಗಿ ಪೂರಿಯ ಹಾಗೆ ಉಬ್ಬುತ್ತದೆ, ಹಿಂದಕ್ಕೆ ಶಕ್ತಿ ಹೋಗಲ್ಲ. ದಪ್ಪ ಮಾಡಿದರೆ ನೇರ ದಾರಿಯಲ್ಲಿ ಹಾರುತ್ತದೆ, ಸಡಿಲ ಮಣ್ಣಿನಲ್ಲಿ ಹಿಡಿಯುವುದು ಕಷ್ಟ. ಮುಂದೆ 7000, ಹಿಂದೆ ಮೂರೂವರೆ. ಸೆಂಟರ್ ಎಷ್ಟು ಅಂತ ಇಲ್ಲಿ ಬರೆಯಲ್ಲ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ಮಾತ್ರ ಹೇಳುತ್ತೇನೆ. ಬದಲಿಸಲು ಈಗ ಹದಿನೆಂಟು ನಿಮಿಷ ಸಾಕು, ಎಣ್ಣೆಗೆ ಬೀಳುವುದು ಹತ್ತು ಹನ್ನೆರಡು ರೂಪಾಯಿ.

ನಡುವೆ ಟೈರ್‌ನ ಒಳಗಿನ ಫೋಮ್ ಮೇಲೂ ಕೈ ಇಟ್ಟೆ. ಹಳೆ ಯೋಗ ಮ್ಯಾಟ್ ಕತ್ತರಿಸಿ ಹಾಕಿದೆ. ಒಣಗಿದ್ದಾಗ ಪರವಾಗಿಲ್ಲ. ನೀರು ಹೊಡೆದ ಟ್ರ್ಯಾಕ್‌ನಲ್ಲಿ ರಿಮ್ಮಿನ ತೂತಿನಿಂದ ಕೆಸರು ನೀರು ಒಳಗೆ ಹೋಗಿ, ಚಕ್ರ ಲಟಲಟ ಅನ್ನತೊಡಗಿತು. ಬಿಟ್ಟೆ. ಮೋಟಾರಿನ ಪುಟ್ಟ ಗೇರ್, ಅಂದರೆ ಪಿನಿಯನ್, ಒಂದು ಹಲ್ಲು ಇಳಿಸಿದ್ದು ಲಾಭವಾಯಿತು. ಮೋಟಾರ್ ಬಿಸಿ ಎಂಬತ್ತು ಡಿಗ್ರಿ ಮೇಲಿದ್ದದ್ದು ಎಪ್ಪತ್ತರ ಸುತ್ತ ಬಂತು, ಲ್ಯಾಪ್ ಟೈಮ್ ಕೂದಲಷ್ಟೂ ಕೆಡಲಿಲ್ಲ.

ರೇಸ್ ದಿನ ಬೆಳಗ್ಗೆ ಏಳಕ್ಕೆ ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿ. ಹನ್ನೆರಡು ಡಿಗ್ರಿ ಹತ್ತಿರ ಇರಬೇಕು. ಟ್ಯೂಬ್ ಒಯ್ದಿದ್ದೆ. ಗುಂಡು ಬಿಟ್ಟು ನೋಡಿದರೆ ಮನೆಯಲ್ಲಿ ನಲವತ್ನಾಲ್ಕು ತೋರಿಸಿದ ಎಣ್ಣೆ ಐವತ್ತೈದರ ಮೇಲೆ ಹೋಯಿತು. ಶಾಕ್ ಎಣ್ಣೆಗೂ ಚಳಿ ಅದೇ ಪಾಲು ಅಲ್ವಾ? ಮೊದಲ ಹೀಟ್‌ಗೆ, ಅಂದರೆ ಫೈನಲ್‌ಗೆ ಮುಂಚಿನ ಸುತ್ತಿಗೆ, ಶಾಕ್‌ನಲ್ಲಿ ಬರೀ 350 ಹಾಕಿದೆ. ಪಿಟ್ ಟೇಬಲ್ ಮೇಲೆ ಗಾಜಿನ ನಳಿಗೆ ಹಿಡಿದು ಸೆಕೆಂಡ್ ಎಣಿಸುವವನನ್ನು ನೋಡಿ ಸುತ್ತಲಿನವರು "ಡಾಕ್ಟರ್ ಸಾಹೇಬ್" ಅಂತ ಕರೆದರು. ಕರೆಯಲಿ. ಮೊದಲ ಹೀಟ್‌ನಲ್ಲಿ ನಾಲ್ಕನೆಯವ. ಹನ್ನೊಂದೂವರೆಗೆ ಎಲ್ಲರೂ ಟೈರ್ ಬದಲಿಸುತ್ತಿದ್ದಾಗ ನಾನು ಸೆಂಟರ್ ಡಿಫ್ ಬಿಚ್ಚಿದೆ, ಶಾಕ್‌ಗೆ ಮುಕ್ಕಾಲು-ಕಾಲಿನದು ಹಾಕಿದೆ. ಎರಡನೇ ಹೀಟ್‌ನಲ್ಲಿ ಎರಡನೆಯವ. ಹಿಂದಿನ ಎರಡು ರೇಸ್‌ನಲ್ಲಿ ಬಿ ಫೈನಲ್, ಅಂದರೆ ಎರಡನೇ ದರ್ಜೆಯ ಫೈನಲ್, ದಾಟದವನು ನಾನು.

ಫೈನಲ್ ಹತ್ತು ನಿಮಿಷ, ಹತ್ತು ಗಾಡಿ. ಆರನೇ ಲ್ಯಾಪ್‌ನಲ್ಲಿ ಡಬಲ್ ಜಂಪ್ ಮೇಲೆ ಯಾರೋ ಹಿಂದಿನಿಂದ ಗುದ್ದಿದರು. ಬಗ್ಗಿ ಮಗುಚಿ ಬಿತ್ತು. ಬಿದ್ದ ಗಾಡಿ ಎತ್ತಲು ಮಾರ್ಷಲ್ ಆಗಿ ನಿಂತಿದ್ದ ಹುಡುಗ ಮೊಬೈಲ್‌ನಲ್ಲಿದ್ದ. ನಾನು ಓಡಿಸುವವರ ಅಟ್ಟದ ಮೇಲಿನಿಂದ ಕೂಗಿ ಕೂಗಿ ಅವನು ಎತ್ತುವಷ್ಟರಲ್ಲಿ ಏಳೆಂಟು ಸೆಕೆಂಡ್ ಹೋಯಿತು. ಆಮೇಲೆ ಎಲ್ಲರ ಗಾಡಿ ಪುಡಿಯಲ್ಲಿ ಜಾರುವಾಗ ನನ್ನದು ಹಳಿ ಮೇಲಿದ್ದ ಹಾಗೆ ಹೋಯಿತು. ಹದಿನೇಳು ಲ್ಯಾಪ್, ಮೂರನೇ ಸ್ಥಾನ. ಮಾರ್ಷಲ್ ಸರಿಯಾಗಿದ್ದಿದ್ದರೆ ಎರಡನೆಯದು ನನ್ನದೇ, ಇದನ್ನು ಯಾರು ಕೇಳಿದರೂ ಹೇಳುತ್ತೇನೆ. ವಿಜಯಪುರದವನು ಐದನೆಯವ.

ಉಳಿತಾಯದ ಲೆಕ್ಕ ಕೇಳಿದರೆ ನಗು ಬರುತ್ತದೆ. ಎಣ್ಣೆಗೆ ಎರಡೂವರೆ, ಹಾಳಾದ ಟೈರ್‌ಗೆ ಮೂರು, ತಕ್ಕಡಿ, ಸಿರಿಂಜ್, ಟ್ಯೂಬ್ ಸೇರಿ ಒಂದು ಸಾವಿರ. ಈ ವರ್ಷ ಉಳಿದದ್ದು ಎರಡು ಸಾವಿರ ಇದ್ದೀತು. ಕ್ಯಾನ್‌ಗಳಲ್ಲಿ ಮಾತ್ರ ಇನ್ನೂ ಮುಕ್ಕಾಲು ಎಣ್ಣೆ ಇದೆ.

ಮುಂದಿನ ಭಾನುವಾರ ಬೆಳಗ್ಗೆ ಬಾಗಿಲು ತೆರೆದರೆ ವಿಜಯಪುರದವನು ನಿಂತಿದ್ದ. ಕೈಯಲ್ಲಿ ಖಾಲಿ 60 ಮಿಲಿ ಬಾಟಲಿ, ಒಂದಲ್ಲ, ನಾಲ್ಕು. ಜೊತೆಗೆ ಮನೆಯವಳಿಗೆ ಅಂತ ಒಂದು ಕಟ್ಟು ಶೇಂಗಾ ಹೋಳಿಗೆ. ಬಾಲ್ಕನಿಗೆ ಕರೆದೊಯ್ದೆ. ಮೂರು ತುಂಬಿಸಿ, ಮೇಲೆ ಪೆನ್ನಿನಲ್ಲಿ ಅಂಕಿ ಬರೆದೆ. ನಾಲ್ಕನೆಯದನ್ನು ಮುಂದಿಟ್ಟು, "ಅಣ್ಣಾ, ಸೆಂಟರ್‌ದ್ದು?" ಅಂದ. ಅದಕ್ಕೂ ತುಂಬಿಸಿಕೊಟ್ಟೆ. ಅಂಕಿ ಮಾತ್ರ ಬರೆಯಲಿಲ್ಲ.