ಮೈನಸ್ 20ರಲ್ಲಿ ಆಯಿಲ್ ಪೇಂಟ್: ನನ್ನ ಅನುಭವ

ಚಳಿಗಾಲದಲ್ಲಿ ಕೆನಡಾದ ಅಲ್ಗೊಂಕ್ವಿನ್ ಪಾರ್ಕಿನ ಕಾಡಿನಲ್ಲೇ ನಿಂತು ಆಯಿಲ್‌ನಲ್ಲಿ ಲ್ಯಾಂಡ್‌ಸ್ಕೇಪ್ ಮಾಡುತ್ತೇನೆ ಅಂದಾಗ ಟೊರಾಂಟೊದ ಗೆಳೆಯರು ನಕ್ಕಿದ್ದರು. "ಫೋಟೊ ತೆಗೆದು ಮನೇಲಿ ಮಾಡೋ ಮಾರಾಯ, ಸುಮ್ನೆ ಯಾಕೆ ಒದ್ದಾಡ್ತೀಯ" ಅಂದವರೂ ಇದ್ದಾರೆ. ಹೋದ ಚಳಿಗಾಲ ಚಿತ್ರ ಬರೆದ ಪ್ಯಾನೆಲ್‌ಗಳಲ್ಲಿ, ಅಂದರೆ ಪುಟ್ಟ ಮರದ ಹಲಗೆಗಳಲ್ಲಿ, ಮುಕ್ಕಾಲು ಪಾಲು ಮಾರಾಟವಾದವು. ಈಗ ಅವರೇ ಫೋನ್ ಮಾಡಿ ಹೇಗೆ ಅಂತ ಕೇಳುತ್ತಾರೆ.

ಮೈನಸ್ 10ರವರೆಗೆ ಹೇಗೋ ನಡೆಯುತ್ತದೆ. ಮೈನಸ್ 18, 20 ಅಂದರೆ ಟೈಟಾನಿಯಂ ವೈಟ್ ಫ್ರಿಜ್‌ನಲ್ಲಿಟ್ಟ ತುಪ್ಪದ ಹಾಗೆ ಕೂತುಬಿಡುತ್ತದೆ. ಬ್ರಶ್ ಒತ್ತಿದರೆ ಕೂದಲು ಬಾಗುತ್ತದೆ, ಬಣ್ಣ ಅಲ್ಲಾಡುವುದಿಲ್ಲ. ಟರ್ಪೆಂಟೈನ್ ಜಾಸ್ತಿ ಹಾಕಿ ನೋಡಿದೆ. ಬಣ್ಣ ಹರಿಯಿತು, ಆದರೆ ಒಣಗಿದ ಮೇಲೆ ಎಲ್ಲ ಮಂಕು. ಕೈ ಬೆಚ್ಚಗಿಡುವ ಪುಡಿ ಪ್ಯಾಕೆಟ್ ಸಿಗುತ್ತದಲ್ವಾ, ಅದನ್ನು ಪ್ಯಾಲೆಟ್ ಅಡಿ ಅಂಟಿಸಿದೆ. ಅದರೊಳಗಿನ ಕಬ್ಬಿಣದ ಪುಡಿ ಕಾಯಬೇಕಾದರೆ ಗಾಳಿ ಬೇಕು. ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತದೆ. ಜೋಡಿಗೆ ಎರಡು ಡಾಲರ್ ದಂಡ.

ಕೊನೆಗೆ ಕೈಹಿಡಿದದ್ದು ಇದು. ಬಣ್ಣವನ್ನು ಮನೆಯಲ್ಲೇ ಕಲಸಿ ಖಾಲಿ ಟ್ಯೂಬ್‌ಗೆ ತುಂಬುತ್ತೇನೆ. ಬಿಸಿಲಿನ ಹಿಮಕ್ಕೊಂದು, ನೆರಳಿನ ಹಿಮಕ್ಕೆರಡು, ಸ್ಪ್ರೂಸ್ ಮರದ ಕಪ್ಪು ಹಸಿರಿಗೊಂದು, ಆಕಾಶಕ್ಕೊಂದು. ಕಲಸಲು ಲಿನ್‌ಸೀಡ್ (ಅಗಸೆ) ಎಣ್ಣೆ ಬದಲು ವಾಲ್‌ನಟ್ ಎಣ್ಣೆ. ಚಳಿಯಲ್ಲೂ ಅದು ಸಡಿಲವಾಗಿಯೇ ಇರುತ್ತದೆ. ಪ್ಯಾಲೆಟ್ ಅಡಿಗೆ ಬಿಸಿನೀರಿನ ರಬ್ಬರ್ ಚೀಲ. ಅರ್ಧ ಗಂಟೆ ಕೆಲಸಕ್ಕೆ ಧಾರಾಳ ಸಾಕು, ಅದಕ್ಕಿಂತ ಹೆಚ್ಚು ಬೆರಳೂ ತಡೆಯುವುದಿಲ್ಲ. "ನೋಡದೇ ಬಣ್ಣ ಕಲಸೋದು ಎಂಥ ಲ್ಯಾಂಡ್‌ಸ್ಕೇಪ್?" ಅಂತ ಒಬ್ಬ ಹಿರಿಯರು ರೇಗಿದರು. ಮೋಡವಿಲ್ಲದ ಜನವರಿ ಮಧ್ಯಾಹ್ನದ ಹಿಮವನ್ನು ನಾಲ್ಕಾರು ಸಲ ನೋಡಿದವನಿಗೆ ಅದು ಗೊತ್ತಿರುತ್ತದೆ. ಸ್ಥಳದಲ್ಲಿ ಚೂರು ಕ್ಯಾಡ್ಮಿಯಂ ಆರೆಂಜ್, ಚೂರು ಅಲ್ಟ್ರಾಮರೀನ್ ನೀಲಿ ಸೇರಿಸಿ ಸರಿಮಾಡಿಕೊಂಡರಾಯಿತು. ನೆರಳಿನ ಎರಡನೇ ಟ್ಯೂಬ್‌ನಲ್ಲಿ ಏನಿದೆ ಅಂತ ಮಾತ್ರ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ಪ್ಯಾನೆಲ್ ಅಳತೆ ಕೆನಡಾದ ಹೆಸರಾಂತ ಚಿತ್ರಕಾರ ಟಾಮ್ ಥಾಮ್ಸನ್‌ನದ್ದೇ, ಸುಮಾರು ಎಂಟೂವರೆಗೆ ಹತ್ತೂವರೆ ಇಂಚು. 1917ರಲ್ಲಿ ಇದೇ ಪಾರ್ಕಿನ ಕ್ಯಾನೂ ಲೇಕ್‌ನಲ್ಲಿ ಸಾಯುವವರೆಗೂ ಆತ ಇಂಥ ಪುಟ್ಟ ಹಲಗೆಗಳ ಮೇಲೆಯೇ ರಾಶಿ ಚಿತ್ರ ಮಾಡಿದ. ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊಕ್ಕೆ ಹೋದರೆ ದೊಡ್ಡ ಕ್ಯಾನ್‌ವಾಸ್ ಬಿಟ್ಟು ಇವುಗಳ ಮುಂದೆ ನಿಲ್ಲಿ. ಎರಡು ಬ್ರಶ್ ಏಟಿನ ನಡುವೆ ಮರದ ಕಂದು ಹಾಗೇ ಇಣುಕುತ್ತದೆ. ನಾನು ಜೆಸ್ಸೋ ಅನ್ನುವ ಬಿಳಿ ಅಡಿಲೇಪದ ಮೇಲೆ ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು ಬಣ್ಣ ತೆಳ್ಳಗೆ ಬಳಿದುಕೊಳ್ಳುತ್ತೇನೆ. ಆ ಕೆಂಪು ಅಲ್ಲಲ್ಲಿ ಉಳಿದರೆ ಪಕ್ಕದ ಹಿಮ ಇನ್ನಷ್ಟು ತಣ್ಣಗೆ ಕಾಣುತ್ತದೆ. ಬರ್ಚ್ ಪ್ಲೈವುಡ್‌ನ ಎಂಟಡಿ ಹಾಳೆಯೊಂದಕ್ಕೆ ತೊಂಬತ್ತು ಡಾಲರ್ ಕೊಟ್ಟ ನೆನಪು, ಸುಮಾರು 45 ಪ್ಯಾನೆಲ್ ಬರುತ್ತವೆ. ಅಂಗಡಿಯ ರೆಡಿಮೇಡ್ ಪ್ಯಾನೆಲ್ ಒಂದಕ್ಕೆ ಇಂಥ ಒಂದು ಪ್ಯಾನೆಲ್ ಖರ್ಚಿನ ಐದಾರು ಪಟ್ಟು.

ಇನ್ನೊಂದು ವಿಷಯ, ಕೆಂಪು ಜಾಕೆಟ್ ಹಾಕಬೇಡಿ. ಬಿಸಿಲಿಗೆ ಅದರ ಬಣ್ಣ ಪ್ಯಾನೆಲ್ ಮೇಲೆ ಬೀಳುತ್ತದೆ. ಹಿಮ ಗುಲಾಬಿಯಾಗಿದೆ ಅಂದುಕೊಂಡು ನೀಲಿ ಸುರಿಯುತ್ತೀರಿ. ಮನೆಗೆ ಬಂದು ನೋಡಿದರೆ ಚಿತ್ರವೆಲ್ಲ ನೀಲಿ. ಬೂದು ಕೋಟು ಹಾಕಿ. ಪ್ಯಾನೆಲ್, ಪ್ಯಾಲೆಟ್ ಎರಡೂ ನಿಮ್ಮ ನೆರಳಲ್ಲೇ ಇರಲಿ.

ವಾಟರ್‌ಕಲರ್ ಹುಚ್ಚೂ ಹತ್ತಿತ್ತು. ನೀರಿಗೆ ವೋಡ್ಕಾ ಬೆರೆಸಿದರೆ ತಡವಾಗಿ ಹೆಪ್ಪುಗಟ್ಟುತ್ತದೆ. ಕಾಗದದ ಮೇಲೆ ಜರಿಗಿಡದ ಎಲೆಯಂಥ ಮಂಜಿನ ಗೆರೆಗಳು ಮೂಡಿದವು. ಎಷ್ಟು ಚೆಂದ ಅಂದರೆ ಬ್ರಶ್ ಕೆಳಗಿಟ್ಟು ನೋಡುತ್ತಾ ನಿಂತೆ. ಕಾರಿನ ಹೀಟರ್ ಹಾಕಿದ್ದೇ ತಡ, ಎಲ್ಲ ಕರಗಿ ಒಂದೇ ಕಲೆ. ಉಳಿದ ವೋಡ್ಕಾ ವ್ಯರ್ಥವಾಗಲಿಲ್ಲ ಬಿಡಿ.

ಆಯಿಲ್ ಪ್ಯಾನೆಲ್ಲನ್ನೂ ನೇರ ಬೆಚ್ಚನೆ ಕೋಣೆಗೆ ತರಬಾರದು, ಮೈಮೇಲೆ ನೀರು ಕೂರುತ್ತದೆ. ನನ್ನವು ಮುಚ್ಚಿದ ಪೆಟ್ಟಿಗೆಯಲ್ಲೇ ಒಂದು ರಾತ್ರಿ ಗ್ಯಾರೇಜ್‌ನಲ್ಲಿ ಇರುತ್ತವೆ.

ಮೊದಲ ಚಳಿಗಾಲಕ್ಕೆ ಬೂಟು, ಪೆಟ್ರೋಲ್, ಬಣ್ಣ ಎಲ್ಲ ಸೇರಿ ಎರಡು ಸಾವಿರ ಡಾಲರ್ ಹತ್ತಿರ ಹೋಯಿತು. ಕೋಬಾಲ್ಟ್ ಬ್ಲೂ ಸಣ್ಣ ಟ್ಯೂಬ್ ಒಂದೇ ನಲವತ್ತು ಡಾಲರ್. ಬಂದದ್ದು ಸೊನ್ನೆ. ಮರುವರ್ಷ ಒಂದು ಗ್ಯಾಲರಿ ನನ್ನ ಚಿತ್ರಗಳನ್ನು ಮಾರಾಟಕ್ಕೆ ಇಟ್ಟುಕೊಂಡಿತು. ಅರ್ಧ ಕಮಿಷನ್ ಹಿಡಿದುಕೊಂಡು, ಉಳಿದರ್ಧಕ್ಕೆ ತಿಂಗಳುಗಟ್ಟಲೆ ಅಲೆಸಿತು. ಈಗ ಮನೆಯಲ್ಲೇ ಡಿಸೆಂಬರ್‌ನಲ್ಲಿ ಎರಡು ದಿನ ಮಾರಾಟಕ್ಕೆ ಬಾಗಿಲು ತೆರೆದಿಡುತ್ತೇನೆ. ಫ್ರೇಮ್ ಇಲ್ಲದೆ 280 ಡಾಲರ್, ಫ್ರೇಮ್ ಹಾಕಿದರೆ 350. ಚೌಕಾಸಿ ಮಾಡುವವರು ಹೆಚ್ಚಾಗಿ ನಮ್ಮವರೇ.

ಮುಂದಿನ ಫೆಬ್ರವರಿಗೆ ಲೇಕ್ ಸುಪೀರಿಯರ್‌ನ ಉತ್ತರ ದಂಡೆ. ಕೆನಡಾದ ಇನ್ನೊಬ್ಬ ಚಿತ್ರಕಾರ ಲಾರೆನ್ ಹ್ಯಾರಿಸ್ ಚಿತ್ರಿಸಿದ ಬೋಳು ಗುಡ್ಡಗಳ ಕಡೆ. ಅಲ್ಲಿ ಚಳಿಗಿಂತ ಗಾಳಿಯದ್ದೇ ಕಾಟ. ಟ್ರೈಪಾಡ್‌ಗೆ ಕಲ್ಲು ತುಂಬಿದ ಚೀಲ ನೇತುಹಾಕಿ ಹಿತ್ತಲಲ್ಲಿ ಪರೀಕ್ಷೆ ನಡೆಸಿದ್ದೇನೆ. ಸದ್ಯಕ್ಕೆ ನಿಂತಿದೆ.