ಕದ್ದ ಸೈಟ್ ಬಿಟ್ಟು ಮಾಂಗಾ ಓದುವುದು ಹೇಗೆ

ಮೊದಲು ನೀವು ಈಗ ಓದುತ್ತಿರುವ ಮಾಂಗಾಗಳ, ಅಂದರೆ ಜಪಾನಿ ಕಾಮಿಕ್ಸ್‌ಗಳ, ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಜಪಾನಿನ ಪ್ರಕಾಶಕರ ಹೆಸರು ಬರೆಯಿರಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಎಲ್ಲವೂ ಒಂದೇ ಕಡೆ ಸಿಗುವುದು ಒಪ್ಪಿಗೆಯಿಲ್ಲದೆ ಮಾಂಗಾ ಹಾಕುವ ಕದ್ದ ಸೈಟ್‌ಗಳಲ್ಲಿ ಮಾತ್ರ, ಅಸಲಿ ಆ್ಯಪ್‌ಗಳು ಪ್ರಕಾಶಕರಿಗೆ ತಕ್ಕಂತೆ ಬೇರೆ ಬೇರೆ. ಆ್ಯಪ್‌ನಿಂದ ಹುಡುಕಲು ಶುರು ಮಾಡಿದರೆ ಬೇಸರವಾಗಿ ಮತ್ತೆ ಹಳೇ ಸೈಟ್‌ಗೇ ಹೋಗ್ತೀರಿ.

ಪಟ್ಟಿಯಲ್ಲಿ ಶುಯೇಶಾ ಪ್ರಕಾಶನದ ಸರಣಿಗಳಿದ್ದರೆ ಅವರದೇ ಮಾಂಗಾ ಪ್ಲಸ್ ಆ್ಯಪ್ ಹಾಕಿಕೊಳ್ಳಿ. 2019ರಲ್ಲಿ ಬಂದ ಈ ಆ್ಯಪ್‌ನಲ್ಲಿ ಹೊಸ ಅಧ್ಯಾಯ ಜಪಾನಿನಲ್ಲಿ ಬಂದ ಹೊತ್ತಿಗೇ ಇಂಗ್ಲಿಷ್‌ನಲ್ಲೂ ಬರುತ್ತದೆ, ಸಾಮಾನ್ಯವಾಗಿ ಮೊದಲ ಮತ್ತು ಇತ್ತೀಚಿನ ಕೆಲವು ಅಧ್ಯಾಯಗಳು ಉಚಿತ. ಹಾಗಾಗಿ ವಾರವಾರ ಓದುವವರಿಗೆ ಖರ್ಚೇ ಇಲ್ಲ. ತಡ ಮಾಡಿದರೆ ಮಾತ್ರ ಹಳೆಯ ಅಧ್ಯಾಯಕ್ಕೆ ಬೀಗ ಬೀಳಬಹುದು, ಅದಕ್ಕೇ ನೋಟಿಫಿಕೇಶನ್ ಆನ್ ಇಡಿ. ಇನ್ನೊಬ್ಬ ಪ್ರಕಾಶಕರಾದ ಕೊಡಾನ್ಷಾದ್ದಾದರೆ ಅವರ ಕೆ ಮಾಂಗಾ ಆ್ಯಪ್ ನೋಡಿ. ಹಲವು ಅಧ್ಯಾಯ ಸೇರಿದ ಇಡೀ ಸಂಪುಟ ಕೊಂಡು ಓದುವವರಿಗೆ ಕಡೊಕಾವಾ ಪ್ರಕಾಶನ ಗುಂಪಿನ ಇ-ಪುಸ್ತಕ ಅಂಗಡಿ ಬುಕ್‌ವಾಕರ್ ಒಳ್ಳೆಯದು. ಕೆಲವು ಆ್ಯಪ್, ಕೆಲವು ಸರಣಿ ಎಲ್ಲ ದೇಶದಲ್ಲೂ ಸಿಗಲ್ಲ, ದುಡ್ಡು ಕಟ್ಟುವ ಮುಂಚೆ ಇದನ್ನು ನೋಡಿಕೊಳ್ಳಿ.

ಸೈಟ್ ಅಸಲಿಯೋ ನಕಲಿಯೋ ಅನುಮಾನ ಬಂದರೆ ಪ್ರಕಾಶಕರ ಸ್ವಂತ ಪುಟದಿಂದ ಲಿಂಕ್ ಹಿಡಿದು ಹೋಗಿ. ಜಪಾನಿನ ಸೈಟ್‌ಗಳಲ್ಲಿ ಎಬಿಜೆ ಗುರುತು ಇದೆಯಾ ನೋಡಿ, ಹಕ್ಕುದಾರರ ಒಪ್ಪಿಗೆ ಪಡೆದ ಸೇವೆಗಳಿಗೆ ಕೊಡುವ ಗುರುತು ಅದು.

ಪ್ರೀತಿಯಿಂದ ಅನುವಾದ ಮಾಡಿ ಹಂಚಿದ ಅಭಿಮಾನಿಗಳನ್ನೂ ಜಾಹೀರಾತಿನ ದುಡ್ಡಿಗಾಗಿ ಸಾವಿರಾರು ಸಂಪುಟ ಕದ್ದು ಸೈಟ್‌ಗೆ ಹಾಕುವವರನ್ನೂ ನಾನು ಒಂದೇ ಸಾಲಿನಲ್ಲಿ ನಿಲ್ಲಿಸಲ್ಲ. ಬೇರೆ ದಾರಿಯೇ ಇಲ್ಲದ ಕಾಲದಲ್ಲಿ ಎಷ್ಟೋ ಓದುಗರನ್ನು ಮಾಂಗಾಗೆ ಕರೆತಂದವರು ಆ ಅಭಿಮಾನಿಗಳೇ, ಅಲ್ವಾ? ಆದರೆ 2018ರಲ್ಲಿ ಮುಚ್ಚಿದ ಮಾಂಗಾಮುರಾ ಎಂಬ ಜಪಾನಿನ ಕದ್ದ ಸೈಟ್ ಎರಡನೇ ಬಗೆಯದು. ಅದನ್ನು ನಡೆಸಿದವನಿಗೆ 2021ರಲ್ಲಿ ಫುಕುವೋಕಾ ಕೋರ್ಟ್ ಮೂರು ವರ್ಷ ಜೈಲು ವಿಧಿಸಿತು, 2024ರಲ್ಲಿ ಟೋಕಿಯೊ ಕೋರ್ಟ್ ಅವನು ಮೂರು ಪ್ರಕಾಶಕರಿಗೆ ಸುಮಾರು 170 ಕೋಟಿ ಯೆನ್ ಪರಿಹಾರ ಕೊಡಬೇಕೆಂದು ಹೇಳಿತು. ಓದುಗರಿಗೂ ಕಾನೂನು ಬಿಗಿಯಾಗಿದೆ: ಕದ್ದದ್ದೆಂದು ಗೊತ್ತಿದ್ದೂ ಮಾಂಗಾ ಡೌನ್‌ಲೋಡ್ ಮಾಡುವುದು 2021ರಿಂದ ಜಪಾನಿನಲ್ಲಿ ಕಾನೂನುಬಾಹಿರ.

ಅನುವಾದವೇ ಬಂದಿಲ್ಲದ ಸರಣಿ ಇದ್ದರೆ? ಸುಮ್ನೆ ಬಿಡಬೇಡಿ. ಇಂಗ್ಲಿಷ್ ಪ್ರಕಾಶಕರಲ್ಲಿ ಸೆವೆನ್ ಸೀಸ್‌ನಂಥವರು ಓದುಗರಿಗೆ ಸಮೀಕ್ಷೆ ಇಡುತ್ತಾರೆ, ಅಲ್ಲಿ ಹೆಸರು ಬರೆಯಿರಿ. ಜಪಾನಿ ಅಲ್ಪಸ್ವಲ್ಪ ಬಂದರೆ ಮೂಲ ಡಿಜಿಟಲ್ ಸಂಪುಟವನ್ನೇ ಕೊಳ್ಳಿ. ಆ್ಯಪ್‌ಗೆ ಕಟ್ಟುವ ಚಂದಾ ನಿಲ್ಲಿಸಿದರೆ ಅದರಿಂದ ಸಿಗುತ್ತಿದ್ದ ಓದೂ ನಿಲ್ಲುತ್ತದೆ, ಆದ್ದರಿಂದ ಮತ್ತೆ ಮತ್ತೆ ಓದಬೇಕು ಅನಿಸುವ ಸರಣಿಗಳನ್ನು ಸಂಪುಟವಾಗಿಯೇ ತೆಗೆದುಕೊಳ್ಳಿ.