ಮಸಾಯಿ ಮಾರಾದ ಟೆಂಟಿನಲ್ಲಿ ಉಳಿಯುವವರಿಗೆ: ಜಿಪ್ಪಿಗೊಂದು ಕೊಕ್ಕೆ

ಕೀನ್ಯಾದ ವನ್ಯಜೀವಿ ತಾಣ ಮಸಾಯಿ ಮಾರಾದ ಟೆಂಟ್ ಲಾಡ್ಜಿಗೆ ಹೋಗುವವರು ಕೀ ಚೈನಿನಲ್ಲಿ ಇರುತ್ತದಲ್ಲ, ಅಂಥ ಸ್ಪ್ರಿಂಗ್ ಕೊಕ್ಕೆ ಒಂದೆರಡು ಜೇಬಿಗೆ ಹಾಕಿಕೊಳ್ಳಿ. ಸಫಾರಿಗೆ ಹೊರಡುವಾಗ ಬಾಗಿಲಿನ ಜಿಪ್ಪುಗಳ ಹಿಡಿಗಳನ್ನು ಒಂದೇ ಕಡೆ ತಂದು ಕೊಕ್ಕೆ ಸಿಕ್ಕಿಸಿ. ಟೆಂಟ್ ಎಷ್ಟೇ ದುಬಾರಿಯಾಗಿರಲಿ, ಸಾಮಾನ್ಯವಾಗಿ ಬಾಗಿಲು ಬಟ್ಟೆ ಮತ್ತು ಜಿಪ್ಪಿನದೇ. ಅಲ್ಲಿನ ಕಪ್ಪು ಮುಖದ ವರ್ವೆಟ್ ಕೋತಿಗಳು ಬೆರಳು ತೂರಿಸಿ ಜಿಪ್ಪನ್ನು ಸರ್ರನೆ ಎಳೆದುಬಿಡುತ್ತವೆ. ಹಿಡಿಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಜಿಪ್ ಜರುಗುವುದಿಲ್ಲ. ಮೂಲೆಯಲ್ಲಿ ಸ್ವಲ್ಪವೂ ಸಂದು ಬಿಡಬೇಡಿ, ಅದೇ ಅವಕ್ಕೆ ದಾರಿ. ಆದರೆ ಒಳಗೆ ತಿಂಡಿ ಇದ್ದರೆ ಕೊಕ್ಕೆಯನ್ನು ನಂಬಬೇಡಿ. ಬಬೂನ್‌ಗೆ (ಅದೊಂದು ದೊಡ್ಡ ಜಾತಿಯ ಕೋತಿ) ಬಾಳೆಹಣ್ಣಿನ ವಾಸನೆ ಸಿಕ್ಕರೆ ಕಿಟಕಿಯ ಸೊಳ್ಳೆ ಪರದೆಯನ್ನೇ ಹರಿದುಹಾಕಬಹುದು. ಊರಿಂದ ಒಯ್ದ ಚಕ್ಕುಲಿ, ಕೋಡುಬಳೆ ಎಲ್ಲ ಸ್ಟೀಲ್ ಡಬ್ಬಿಗೆ ಹಾಕಿ ಲಾಡ್ಜಿನ ಅಡುಗೆಮನೆಯವರ ಕೈಗೆ ಕೊಟ್ಟುಬಿಡಿ. (ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ಹಾಗಾಗಿ ಡಬ್ಬಿಯೇ ಸರಿ.) ರಾತ್ರಿ ಒಳಗೆ ಮಲಗಿದಾಗ ಕೊಕ್ಕೆ ಸಾಕು, ಬೀಗ ಬೇಡವೇ ಬೇಡ. ಬೆಂಕಿ ಗಿಂಕಿ ಕಾಣಿಸಿದರೆ ಕತ್ತಲಲ್ಲಿ ಕೀ ಹುಡುಕುತ್ತಾ ಕೂರಲು ಆಗುವುದಿಲ್ಲ, ಅಲ್ವಾ?